ಪ್ರತ್ಯೇಕ ಕೋಣೆಯ ರೋಗಿಯೂ ಆರೈಕೆಯ ಕೈಗಳೂ



ಹಟ್ಟಿಯಲ್ಲಿ ಕರೆಯುವ ದನ ಮೂರಿವೆ ಎಂದಿಟ್ಟುಕೊಳ್ಳಿ. ಅದರಲ್ಲಿ ಒಂದಕ್ಕೆ ಕೆಚ್ಚಲು ಬಾವು ಬಂದಿದೆ. ಮನೆಯ ಹಿರಿಯರು ಏನು ಹೇಳುತ್ತಾರೆ? ಒಳ್ಳೆಯ ದನಗಳನ್ನು ಮೊದಲು ಕರೆಯಿರಿ, ಬಾವು ಬಂದದ್ದನ್ನು ಕಡೆಗೆ ಕರೆಯಿರಿ, ಆಮೇಲೆ ಕೈಯನ್ನು ಚೆನ್ನಾಗಿ ತೊಳೆಯಿರಿ, ಒಂದರ ಕೆಚ್ಚಲು ಒರೆಸಿದ ಬಟ್ಟೆಯನ್ನು ಇನ್ನೊಂದಕ್ಕೆ ಮುಟ್ಟಿಸಬೇಡಿ ಎನ್ನುತ್ತಾರೆ. ಮೂರು ದನಗಳೂ ಬೇರೆ ಬೇರೆ ಗೂಟಕ್ಕೆ ಕಟ್ಟಿಕೊಂಡೇ ಇರುತ್ತವೆ. ಒಂದರ ಕೆಚ್ಚಲು ಇನ್ನೊಂದಕ್ಕೆ ತಾಗುವುದಿಲ್ಲ. ಆದರೂ ರೋಗ ದಾಟುತ್ತದೆ. ದಾಟಿಸುವುದು ಹೆಚ್ಚಾಗಿ ಕರೆಯುವವರ ಕೈ.

ಆಸ್ಪತ್ರೆಯ ಪ್ರತ್ಯೇಕ ಕೋಣೆಯ ವಿಚಾರವೂ ಇದೇ. ಸೋಂಕು ರೋಗಿಯನ್ನು ಗೋಡೆ ಬಾಗಿಲುಗಳ ಒಳಗೆ ಬೇರೆಯಾಗಿ ಮಲಗಿಸಿದರೂ ಅವನ ಬಳಿಗೆ ಹೋಗಿ ಬರುವ ಕೈಗಳು ಶುದ್ಧವಾಗಿರದಿದ್ದರೆ ಆ ಗೋಡೆಯಿಂದ ಏನೂ ಪ್ರಯೋಜನವಿಲ್ಲ. ಹಟ್ಟಿಯಲ್ಲಾದರೆ ರೋಗದ ದನವನ್ನು ಕಡೆಗೆ ಇಟ್ಟುಕೊಳ್ಳಬಹುದು. ಆಸ್ಪತ್ರೆಯಲ್ಲಿ ಹಾಗಾಗುವುದಿಲ್ಲ. ನಡುರಾತ್ರಿ ಪ್ರತ್ಯೇಕ ಕೋಣೆಯ ಗಂಟೆ ಬಾರಿಸಿದರೆ ದಾದಿ ಅಲ್ಲಿಗೆ ಓಡಬೇಕು, ಅಲ್ಲಿಂದ ಇನ್ನೊಂದು ಹಾಸಿಗೆಗೆ ಓಡಬೇಕು. ಆದುದರಿಂದ ಉಳಿಯುವ ದಾರಿ ಒಂದೇ: ಪ್ರತಿಸಲವೂ ಕೈ ಶುದ್ಧಿ. ಈ ಸಲದ ಅಂಕಣದಲ್ಲಿ ಇದನ್ನೇ ವಿವರವಾಗಿ ತಿಳಿದುಕೊಳ್ಳೋಣ.

ಒಂದು ಮನೆಯ ಅನುಭವ

ನಮಗೆ ಪರಿಚಯದ ಕೃಷಿಕ ಕುಟುಂಬವೊಂದರ ಹಿರಿಯರಿಗೆ ಮಳೆಗಾಲದಲ್ಲಿ ತೋಟದಲ್ಲಿ ಕತ್ತಿ ತಾಗಿ ಕಾಲಿಗೆ ಗಾಯವಾಯಿತು. ಸಕ್ಕರೆ ಕಾಯಿಲೆಯವರು. ಗಾಯ ಮಾಗಲಿಲ್ಲ, ಕೀವಾಯಿತು. ದೂರದ ಆಸ್ಪತ್ರೆಗೆ ಸೇರಿಸಿದರು. ಕೀವಿನ ಪರೀಕ್ಷೆಯಲ್ಲಿ ಸಾಮಾನ್ಯ ಔಷಧಗಳಿಗೆ ಜಗ್ಗದ ರೋಗಾಣು ಕಂಡುಬಂತು. ಅದೇ ದಿನ ಅವರನ್ನು ಪ್ರತ್ಯೇಕ ಕೋಣೆಗೆ ಸಾಗಿಸಿ ಬಾಗಿಲಿಗೆ ಒಂದು ಫಲಕ ತೂಗಹಾಕಿದರು.

ನಾವು ನೋಡಲು ಹೋದಾಗ ಹಿರಿಯರು ಗೋಡೆಯ ಕಡೆಗೆ ಮುಖ ಮಾಡಿ ಮಲಗಿದ್ದರು. ಸೊಸೆಯ ಕಣ್ಣಲ್ಲಿ ನೀರು. "ಮಾವನನ್ನು ಮುಟ್ಟಿದ ಕೂಡಲೇ ಸಿಸ್ಟರ್ ಹೋಗಿ ಕೈ ತೊಳೆಯುತ್ತಾರೆ. ಪ್ರತಿಸಲವೂ ಹಾಗೆಯೇ. ನಾವು ಅಷ್ಟು ಹೇಸಿಗೆಯವರೇ?" ಎಂದು ಕೇಳಿದರು. ಮುಟ್ಟಿದ ನಂತರ ಕೈ ತೊಳೆಯುವುದೆಂದರೆ ಅವಮಾನ ಎಂಬ ನೆನಪು ನಮ್ಮ ನಾಡಿನಲ್ಲಿ ಎಷ್ಟು ಆಳವಾಗಿದೆ ಎಂಬುದು ಎಲ್ಲರಿಗೂ ಗೊತ್ತು. ಆ ನೋವು ಸುಳ್ಳಲ್ಲ.

ದಾದಿ ಬಂದಾಗ ನಾವು ಮೆಲ್ಲನೆ ವಿಷಯ ತೆಗೆದೆವು. ಅವರು ಬೇಸರಪಡದೆ ಹೇಳಿದರು: "ಅಜ್ಜನ ಮೇಲೆ ಅಸಹ್ಯವಿದ್ದರೆ ಮುಟ್ಟುತ್ತಲೇ ಇರಲಿಲ್ಲ. ಇಲ್ಲಿಂದ ನಾನು ಹೋಗುವುದು ನಿನ್ನೆ ಆಪರೇಷನ್ ಆದವರ ಹತ್ತಿರ. ಹೋಗುವಾಗ ತೊಳೆಯುವುದು ಅವರಿಗಾಗಿ. ಒಳಗೆ ಬರುವಾಗಲೂ ಕೈ ಶುದ್ಧಮಾಡಿಯೇ ಬರುತ್ತೇನೆ, ಅದು ಅಜ್ಜನಿಗಾಗಿ. ಬಾಗಿಲ ಹೊರಗೆ ಮಾಡುವುದರಿಂದ ಅದು ನಿಮಗೆ ಕಾಣಿಸುವುದಿಲ್ಲ, ಅಷ್ಟೇ."

ಹಿರಿಯರು ಈ ಕಡೆಗೆ ತಿರುಗಿದರು. ನಮಗೆ ಮಾತ್ರ ನಾಚಿಕೆಯಾಯಿತು. ಏಕೆಂದರೆ ನಾವು ಬಸ್ಸಿನಿಂದ ಇಳಿದು, ಒದ್ದೆ ಕೊಡೆ ಮಡಚಿ, ಕೈ ತೊಳೆಯದೆ ನೇರವಾಗಿ ಒಳಗೆ ಬಂದು ಅವರ ಕೈ ಹಿಡಿದುಕೊಂಡಿದ್ದೆವು. ಅಲ್ಲಿ ತಪ್ಪು ಮಾಡಿದವರು ನಾವು ಮಾತ್ರವಲ್ಲ. ಅದೇ ದಿನ ಇನ್ನೊಬ್ಬ ಸಿಬ್ಬಂದಿ ಬೇರೆ ಕೋಣೆಯಲ್ಲಿ ಹಾಕಿಕೊಂಡಿದ್ದ ಗ್ಲೌಸಿನಲ್ಲೇ ಒಳಗೆ ಬಂದು, ಗಾಯದ ಬಟ್ಟೆ ಸರಿಪಡಿಸಿ, ಅದೇ ಕೈಯಲ್ಲಿ ಗ್ಲೂಕೋಸಿನ ನಳಿಗೆಯನ್ನೂ ಬಾಗಿಲ ಹಿಡಿಕೆಯನ್ನೂ ಮುಟ್ಟಿ ಹೋದುದನ್ನು ಕಂಡೆವು. ಯಾರೂ ಏನೂ ಹೇಳಲಿಲ್ಲ. ನಾವೂ ಹೇಳಲಿಲ್ಲ.

ವಿಯೆನ್ನಾದ ಪಾಠ

ವೈದ್ಯರ ಕೈಯೇ ರೋಗವನ್ನು ಒಯ್ಯಬಲ್ಲದು ಎಂದು ಲೆಕ್ಕ ಸಮೇತ ತೋರಿಸಿಕೊಟ್ಟವರು ಹಂಗೇರಿ ಮೂಲದ ವೈದ್ಯ ಇಗ್ನಾಜ್ ಸೆಮ್ಮೆಲ್‌ವೈಸ್. ವಿಯೆನ್ನಾದ ದೊಡ್ಡ ಆಸ್ಪತ್ರೆಯಲ್ಲಿ ಆಗ ಎರಡು ಹೆರಿಗೆ ವಿಭಾಗಗಳಿದ್ದವು. ಒಂದರಲ್ಲಿ ವೈದ್ಯರೂ ವೈದ್ಯ ವಿದ್ಯಾರ್ಥಿಗಳೂ ಹೆರಿಗೆ ನೋಡಿಕೊಳ್ಳುತ್ತಿದ್ದರು, ಇನ್ನೊಂದರಲ್ಲಿ ಸೂಲಗಿತ್ತಿಯರು. ವೈದ್ಯರ ವಿಭಾಗದಲ್ಲಿ ಬಾಣಂತಿ ಜ್ವರದಿಂದ ಸಾಯುವವರ ಸಂಖ್ಯೆ ಸೂಲಗಿತ್ತಿಯರ ವಿಭಾಗಕ್ಕಿಂತ ಬಹಳ ಹೆಚ್ಚು. ಬಡ ಹೆಂಗಸರು ತಮ್ಮನ್ನು ಎರಡನೆಯ ವಿಭಾಗಕ್ಕೇ ಸೇರಿಸಬೇಕೆಂದು ಗೋಗರೆಯುತ್ತಿದ್ದರಂತೆ.

1847ರಲ್ಲಿ ಸೆಮ್ಮೆಲ್‌ವೈಸರ ಸಹೋದ್ಯೋಗಿ ಕೊಲೆಚ್ಕಾ ಎಂಬವರಿಗೆ ಶವಪರೀಕ್ಷೆಯ ವೇಳೆ ವಿದ್ಯಾರ್ಥಿಯ ಕತ್ತಿ ತಾಗಿತು. ಬಾಣಂತಿ ಜ್ವರವನ್ನೇ ಹೋಲುವ ಲಕ್ಷಣಗಳಿಂದ ಅವರು ತೀರಿಕೊಂಡರು. ಆಗ ಸೆಮ್ಮೆಲ್‌ವೈಸರಿಗೆ ಹೊಳೆಯಿತು: ವೈದ್ಯರೂ ವಿದ್ಯಾರ್ಥಿಗಳೂ ಶವಪರೀಕ್ಷೆಯ ಕೋಣೆಯಿಂದ ನೇರವಾಗಿ ಹೆರಿಗೆ ಕೋಣೆಗೆ ಬರುತ್ತಾರೆ, ಕೈಗೆ ಅಂಟಿದ್ದನ್ನು ಜೊತೆಗೇ ತರುತ್ತಾರೆ. ಆ ವರ್ಷದ ಮೇ ತಿಂಗಳ ನಡುವಿನಿಂದ ಕ್ಲೋರಿನ್ ಕೂಡಿದ ಸುಣ್ಣದ ದ್ರಾವಣದಲ್ಲಿ ಎಲ್ಲರೂ ಕೈ ತೊಳೆಯಬೇಕೆಂದು ಅವರು ಕಟ್ಟುನಿಟ್ಟು ಮಾಡಿದರು. ಏಪ್ರಿಲ್‌ನಲ್ಲಿ ಆ ವಿಭಾಗದ ಬಾಣಂತಿಯರಲ್ಲಿ ನೂರಕ್ಕೆ 18 ಮಂದಿ ಸತ್ತಿದ್ದರು. ಜೂನ್‌ನಲ್ಲಿ ಅದು ನೂರಕ್ಕೆ ಸುಮಾರು 2ಕ್ಕೆ ಇಳಿಯಿತು.

ಇಷ್ಟಾದರೂ ಹಲವು ಹಿರಿಯ ವೈದ್ಯರು ಒಪ್ಪಲಿಲ್ಲ. ತಮ್ಮ ಕೈಯಿಂದಲೇ ರೋಗಿ ಸತ್ತಳೆಂದು ಒಪ್ಪುವುದು ಯಾರಿಗೆ ತಾನೇ ಸುಲಭ? ಸೆಮ್ಮೆಲ್‌ವೈಸ್ 1865ರಲ್ಲಿ ಮಾನಸಿಕ ರೋಗಿಗಳ ಆಸ್ಪತ್ರೆಯೊಂದರಲ್ಲಿ ತೀರಿಕೊಂಡರು.

ಐದು ಹೊತ್ತುಗಳು

ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಕೈ ಶುದ್ಧಿಯ ಮಾರ್ಗದರ್ಶಿಯನ್ನು ಪ್ರಕಟಿಸಿತು. ಆಸ್ಪತ್ರೆಯ ಸಿಬ್ಬಂದಿ ಕೈ ಶುದ್ಧಮಾಡಲೇಬೇಕಾದ ಐದು ಹೊತ್ತುಗಳನ್ನು ಅದು ಹೇಳುತ್ತದೆ. ನಮ್ಮ ಹಿರಿಯರ ಕೋಣೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ.

1. ರೋಗಿಯನ್ನು ಮುಟ್ಟುವ ಮೊದಲು. ನಾಡಿ ನೋಡುವುದಾದರೂ ಸರಿ, ಎಬ್ಬಿಸಿ ಕೂರಿಸುವುದಾದರೂ ಸರಿ.

2. ಶುದ್ಧವಾಗಿ ಮಾಡಬೇಕಾದ ಕೆಲಸದ ಮೊದಲು. ಗಾಯಕ್ಕೆ ಬಟ್ಟೆ ಕಟ್ಟುವುದು, ಸೂಜಿ ಚುಚ್ಚುವುದು, ಗ್ಲೂಕೋಸಿನ ನಳಿಗೆಗೆ ಔಷಧ ಸೇರಿಸುವುದು ಇತ್ಯಾದಿ.

3. ರಕ್ತ, ಕೀವು, ಮೂತ್ರ, ಕಫ ಮೊದಲಾದವು ತಾಗಿದ ಅಥವಾ ತಾಗಿರಬಹುದಾದ ಕೆಲಸದ ನಂತರ.

4. ರೋಗಿಯನ್ನು ಮುಟ್ಟಿದ ನಂತರ.

5. ರೋಗಿಯನ್ನು ಮುಟ್ಟದಿದ್ದರೂ ಅವನ ಸುತ್ತಲಿನ ವಸ್ತುಗಳನ್ನು ಮುಟ್ಟಿದ ನಂತರ. ಮಂಚದ ಸರಳು, ಮೇಜು, ಹೊದಿಕೆ, ಕರೆಗಂಟೆಯ ಗುಂಡಿ ಎಲ್ಲವೂ ಇದರಲ್ಲಿ ಸೇರಿವೆ.

ಐದನೆಯದು ಏಕೆಂದು ಕೆಲವರು ಕೇಳಬಹುದು. ಔಷಧಗಳಿಗೆ ಜಗ್ಗದ ಹಲವು ರೋಗಾಣುಗಳು ಒಣ ವಸ್ತುಗಳ ಮೇಲೆ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಬದುಕುತ್ತವೆ. ಮಂಚದ ಸರಳನ್ನು ಹಿಡಿದ ಕೈ ರೋಗಿಯನ್ನು ಹಿಡಿದ ಕೈಯಷ್ಟೇ ಅಪಾಯಕಾರಿ ಆಗಬಹುದು.

ಮೊದಲ ಎರಡು ಹೊತ್ತುಗಳು ಮಲಗಿರುವ ರೋಗಿಯ ರಕ್ಷಣೆಗೆ, ಕೊನೆಯ ಮೂರು ಸಿಬ್ಬಂದಿಯ ಮತ್ತು ಇತರ ರೋಗಿಗಳ ರಕ್ಷಣೆಗೆ. ಪ್ರತ್ಯೇಕ ಕೋಣೆಯಿಂದ ಹೊರಗೆ ಬರುವಾಗ ತೊಳೆಯುವುದನ್ನು ಹೆಚ್ಚಿನವರು ಮರೆಯುವುದಿಲ್ಲ, ಏಕೆಂದರೆ ತಮಗೇ ಭಯವಿರುತ್ತದೆ. ಮರೆತುಹೋಗುವುದು ಒಳಗೆ ಬರುವಾಗಿನದು ಮತ್ತು ನಡುವಿನದು. "ಇವನಿಗೆ ಸೋಂಕು ಇದ್ದೇ ಇದೆಯಲ್ಲ, ಇನ್ನೇನು ತಾಗುವುದು?" ಎಂಬ ಯೋಚನೆ ದೊಡ್ಡ ತಪ್ಪು. ಕಾಲಿನ ಗಾಯದಲ್ಲಿರುವ ರೋಗಾಣು ಅದೇ ರೋಗಿಯ ನಳಿಗೆಯ ಮೂಲಕ ರಕ್ತಕ್ಕೆ ಸೇರಿದರೆ ಕಾಲಿನ ರೋಗ ಜೀವದ ರೋಗವಾಗುತ್ತದೆ. ಹೊರಗಿನಿಂದ ಇನ್ನೊಂದು ರೋಗಾಣು ಬಂದರೆ ಕಷ್ಟ ಎರಡಾಗುತ್ತದೆ. ಪ್ರತ್ಯೇಕ ಕೋಣೆಯ ರೋಗಿಗೂ ರಕ್ಷಣೆ ಬೇಕು.

ಗ್ಲೌಸು ಹಾಕಿದರೆ ಸಾಲದೇ?

ಸಾಲದು. ಮೊದಲನೆಯದಾಗಿ, ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳು ಗ್ಲೌಸಿನಲ್ಲಿ ಇರಬಹುದು, ಕೆಲಸದ ನಡುವೆ ಹರಿಯಲೂಬಹುದು. ಎರಡನೆಯದಾಗಿ, ಕಳಚುವಾಗ ಹೊರಮೈಯ ಕೊಳೆ ಕೈಗೆ ಅಂಟುವುದು ಬಹಳ ಸುಲಭ. ಮೂರನೆಯದಾಗಿ, ಗ್ಲೌಸಿನೊಳಗೆ ಬೆವೆತ ಬೆಚ್ಚನೆಯ ಕೈಯಲ್ಲಿ ರೋಗಾಣುಗಳು ಬೇಗ ಹೆಚ್ಚುತ್ತವೆ. ಆದುದರಿಂದ ಹಾಕುವ ಮೊದಲೂ ಕೈ ಶುದ್ಧಮಾಡಬೇಕು, ಕಳಚಿದ ನಂತರವೂ ಮಾಡಬೇಕು. ಒಬ್ಬ ರೋಗಿಯ ಗ್ಲೌಸು ಇನ್ನೊಬ್ಬನಿಗೆ ಸಲ್ಲದು. ಒಬ್ಬನೇ ರೋಗಿಯಾದರೂ ಗಾಯ ಮುಟ್ಟಿದ ಗ್ಲೌಸಿನಲ್ಲಿ ನಳಿಗೆ ಮುಟ್ಟಬಾರದು.

ತೋಟಕ್ಕೆ ಮದ್ದು ಬಿಟ್ಟವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮೈಲುತುತ್ತಿನ ದ್ರಾವಣ ಮೆತ್ತಿದ ಗ್ಲೌಸಿನಲ್ಲೇ ಎಲೆಯಡಿಕೆ ತಟ್ಟೆಗೆ ಕೈ ಹಾಕಿದರೆ ಏನಾಗುತ್ತದೆ? ಗ್ಲೌಸು ಹಾಕಿದವನ ಚರ್ಮವನ್ನು ಕಾಪಾಡಿತು, ತಟ್ಟೆಯನ್ನು ಕಾಪಾಡಲಿಲ್ಲ.

ಸಾಬೂನೋ ಸ್ಯಾನಿಟೈಸರೋ?

2020ರ ಕೊರೋನಾ ಕಾಲದಲ್ಲಿ ಸ್ಯಾನಿಟೈಸರ್ ಎಂಬ ಶಬ್ದ ಮನೆಮನೆಗೂ ಬಂತು. ಕೊಳೆ ಕಾಣದ ಕೈಗೆ ಮದ್ಯಸಾರದ ಈ ದ್ರವ ಬಹಳ ಒಳ್ಳೆಯದು. ಅಂಗೈ ತುಂಬ ತೆಗೆದುಕೊಂಡು, 20ರಿಂದ 30 ಸೆಕೆಂಡು ಎಲ್ಲ ಕಡೆ ತಿಕ್ಕಿ, ಅದಾಗಿಯೇ ಆರಲು ಬಿಡಬೇಕು. ನೂರಕ್ಕೆ 60 ಪಾಲಿಗಿಂತ ಕಡಿಮೆ ಮದ್ಯಸಾರವಿರುವುದನ್ನು ನೆಚ್ಚುವಂತಿಲ್ಲ.

ಕೈಗೆ ರಕ್ತ, ಕೀವು, ಮಲ ತಾಗಿದ್ದರೆ ಸಾಬೂನು ಮತ್ತು ನೀರೇ ಬೇಕು. ಕೆಲವು ಭೇದಿ ರೋಗಗಳಲ್ಲೂ ಹಾಗೆಯೇ. ಹೆಚ್ಚು ದಿನ ಔಷಧ ತೆಗೆದುಕೊಂಡವರಲ್ಲಿ ಬರುವ ಕ್ಲಾಸ್ಟ್ರಿಡಿಯಂ ಡಿಫಿಸೀಲ್ ಎಂಬ ರೋಗಾಣು ಗಟ್ಟಿ ಬೀಜದಂತಹ ರೂಪದಲ್ಲಿ ಉಳಿಯುತ್ತದೆ. ಮದ್ಯಸಾರ ಅದನ್ನು ಕೊಲ್ಲುವುದಿಲ್ಲ, ಸಾಬೂನು ಹಚ್ಚಿ ತಿಕ್ಕಿದಾಗ ಅದು ನೀರಿನೊಂದಿಗೆ ಹರಿದು ಹೋಗುತ್ತದೆ. ತೊಳೆಯುವ ಕೆಲಸಕ್ಕೆ ಒಟ್ಟು 40ರಿಂದ 60 ಸೆಕೆಂಡು ಬೇಕು. ಹೆಬ್ಬೆರಳು, ಬೆರಳ ತುದಿ, ಬೆರಳ ಸಂದು ಇವೇ ತಪ್ಪಿಹೋಗುವ ಜಾಗಗಳು. ಉದ್ದ ಉಗುರು, ಉಂಗುರ, ಬಳೆ, ಕೈಗಡಿಯಾರಗಳ ಅಡಿಯಲ್ಲಿ ಕೊಳೆ ಉಳಿಯುತ್ತದೆ. ಎಲ್ಲರೂ ಒರೆಸುವ ಒದ್ದೆ ಬೈರಾಸಿಗೆ ಕೈ ಒರೆಸಿದರೆ ತೊಳೆದದ್ದು ದಂಡ.

ಇನ್ನೊಂದು ಮಾತನ್ನೂ ಹೇಳಬೇಕು. ಕ್ಷಯ, ದಡಾರ, ಚಿಕನ್‌ಪಾಕ್ಸ್ ಇವು ಗಾಳಿಯಲ್ಲಿ ಹರಡುತ್ತವೆ. ಅಲ್ಲಿ ಕೈ ತೊಳೆದರೆ ಮಾತ್ರ ಸಾಲದು, ತಕ್ಕ ಮಾಸ್ಕ್ ಮತ್ತು ಗಾಳಿಯಾಡುವ ಕೋಣೆ ಬೇಕೇ ಬೇಕು.

ಗೊತ್ತಿದ್ದೂ ಏಕೆ ತಪ್ಪುತ್ತದೆ?

ಕೈ ಶುದ್ಧಮಾಡಬೇಕಾದ ನೂರು ಸಂದರ್ಭಗಳಲ್ಲಿ ಸಿಬ್ಬಂದಿ ನಿಜವಾಗಿ ಮಾಡುವುದು ಸರಾಸರಿ 40ಕ್ಕಿಂತಲೂ ಸ್ವಲ್ಪ ಕಡಿಮೆ ಎಂದು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಮಾಡಿ ಆ 2009ರ ಮಾರ್ಗದರ್ಶಿ ಹೇಳಿತ್ತು. ಇದನ್ನು ಓದಿ ದಾದಿಯರನ್ನು ದೂರುವುದು ಸುಲಭ. ಆದರೆ ನಮ್ಮ ಕುಟುಂಬಗಳ ಎಷ್ಟೋ ಹೆಣ್ಣುಮಕ್ಕಳು ಊರಿನಲ್ಲೂ ಪರವೂರಿನಲ್ಲೂ ದಾದಿಯರಾಗಿ ದುಡಿಯುತ್ತಿದ್ದಾರೆ. ರಜೆಗೆ ಬಂದಾಗ ಅವರ ಕೈಗಳನ್ನು ಒಮ್ಮೆ ನೋಡಿ. ತೊಳೆದು ತೊಳೆದು ಒಡೆದ ಚರ್ಮ ಕಾಣುತ್ತದೆ. ರಾತ್ರಿ ಪಾಳಿಯಲ್ಲಿ ಹಲವಾರು ರೋಗಿಗಳಿಗೆ ಒಬ್ಬರೇ ಇರುವಾಗ, ನೀರಿನ ತೊಟ್ಟಿ ಮೊಗಸಾಲೆಯ ಆ ತುದಿಯಲ್ಲಿರುವಾಗ, ಸಾಬೂನು ಮುಗಿದಿರುವಾಗ, ಬೇಸಗೆಯಲ್ಲಿ ನಳ್ಳಿಯಲ್ಲಿ ನೀರೇ ಬಾರದಿರುವಾಗ ಯಾರು ಎಷ್ಟು ಸಲ ಓಡಿಯಾರು?

ಜಿನೀವಾದ ವಿಶ್ವವಿದ್ಯಾಲಯ ಆಸ್ಪತ್ರೆಯಲ್ಲಿ ವೈದ್ಯ ಡಿಡಿಯೆ ಪಿಟ್ಟೆ ಮತ್ತು ಅವರ ತಂಡದವರು ಇದನ್ನು ಅರಿತು, ಬೈಯುವ ಬದಲು ಕೈ ಶುದ್ಧಿಯ ದ್ರವದ ಬಾಟಲಿಯನ್ನು ರೋಗಿಯ ಮಂಚದ ಬಳಿಗೇ ತಂದಿಟ್ಟರು. ಜೊತೆಗೆ ತಿಳುವಳಿಕೆಯ ಚಿತ್ರಪಟಗಳನ್ನು ಹಾಕಿದರು, ಮೇಲಧಿಕಾರಿಗಳ ಬೆಂಬಲ ಪಡೆದರು. 1994ರಲ್ಲಿ ನೂರಕ್ಕೆ 48 ಸಲ ನಡೆಯುತ್ತಿದ್ದ ಕೈ ಶುದ್ಧಿ 1997ರ ಹೊತ್ತಿಗೆ 66ಕ್ಕೆ ಏರಿತು. ಆಸ್ಪತ್ರೆಯಲ್ಲೇ ಸೋಂಕು ಹಿಡಿದ ರೋಗಿಗಳ ಪ್ರಮಾಣ ನೂರಕ್ಕೆ ಸುಮಾರು 17ರಿಂದ ಸುಮಾರು 10ಕ್ಕೆ ಇಳಿಯಿತು. ಚರ್ಮ ಒಡೆಯದಂತೆ ಇಂತಹ ದ್ರವಕ್ಕೆ ಗ್ಲಿಸರಿನ್ ಸೇರಿಸುವ ಕ್ರಮವೂ ಇದೆ. ಮನಸ್ಸಿದ್ದವರಿಗೆ ಅನುಕೂಲವನ್ನೂ ಮಾಡಿಕೊಟ್ಟರೆ ಕೆಲಸ ನಡೆಯುತ್ತದೆ.

ಫಲಕ ತೂಗಹಾಕುವ ಮೊದಲು

2018ರ ಮೇ ತಿಂಗಳನ್ನು ಕೇರಳದ ನಾವು ಮರೆಯುವಂತಿಲ್ಲ. ಕಲ್ಲಿಕೋಟೆ ಜಿಲ್ಲೆಯಲ್ಲಿ ನಿಪಾ ಜ್ವರ ಕಾಣಿಸಿಕೊಂಡಿತು. ರೋಗಿಯ ಹತ್ತಿರದ ಸಂಪರ್ಕದಿಂದ, ದೇಹದಿಂದ ಹೊರಬರುವ ದ್ರವಗಳಿಂದ ಅದು ಮನುಷ್ಯರಿಂದ ಮನುಷ್ಯರಿಗೆ ಹರಡುತ್ತದೆ. ಆ ಸಲ ಸೋಂಕು ತಾಗಿದವರಲ್ಲಿ ಹೆಚ್ಚಿನವರಿಗೆ ಅದು ತಾಗಿದ್ದು ಆಸ್ಪತ್ರೆಯಲ್ಲೇ. ಪೇರಾಂಬ್ರ ತಾಲೂಕು ಆಸ್ಪತ್ರೆಯ ದಾದಿ ಲಿನಿ ಪುದುಶ್ಶೇರಿ ಇಂತಹ ರೋಗಿಯ ಶುಶ್ರೂಷೆ ಮಾಡಿ, ತಾವೇ ಸೋಂಕಿಗೆ ಒಳಗಾಗಿ, ಮೇ 21ರಂದು ತೀರಿಕೊಂಡರು. ಇಬ್ಬರು ಪುಟ್ಟ ಮಕ್ಕಳ ತಾಯಿ.

ಅವರು ಶುಶ್ರೂಷೆ ಮಾಡುವಾಗ ಅದು ನಿಪಾ ಎಂದು ಯಾರಿಗೂ ತಿಳಿದಿರಲಿಲ್ಲ. ಬಾಗಿಲಿಗೆ ಫಲಕವಿರಲಿಲ್ಲ. ನಾವು ಕಲಿಯಬೇಕಾದ ಪಾಠ ಇಲ್ಲಿದೆ. ರೋಗದ ಹೆಸರು ಗೊತ್ತಾಗಿ ಪ್ರತ್ಯೇಕ ಕೋಣೆ ಸಿದ್ಧವಾಗುವ ಮೊದಲೇ ರೋಗಾಣು ಓಡಾಡುತ್ತಿರುತ್ತದೆ. ಆದುದರಿಂದ ಕೈ ಶುದ್ಧಿಯ ನಿಯಮ ಪ್ರತಿಯೊಬ್ಬ ರೋಗಿಗೂ, ಪ್ರತಿಸಲವೂ ಸಲ್ಲಬೇಕು. ಅದಕ್ಕೆ ಬೇಕಾದ ಸಾಬೂನು, ನೀರು, ಗ್ಲೌಸು, ಮಾಸ್ಕ್‌ಗಳನ್ನು ಒದಗಿಸುವುದು ಆಸ್ಪತ್ರೆ ನಡೆಸುವವರ ಹೊಣೆ. ಆ ಬಳಿಕ 2019ರಲ್ಲಿ ಎರ್ನಾಕುಳಂ, 2021 ಮತ್ತು 2023ರಲ್ಲಿ ಮತ್ತೆ ಕಲ್ಲಿಕೋಟೆ, 2024ರಲ್ಲಿ ಮಲಪ್ಪುರಂ ಜಿಲ್ಲೆಗಳಲ್ಲಿ ನಿಪಾ ಕಾಣಿಸಿಕೊಂಡಿದೆ. ಹಣ್ಣು ತಿನ್ನುವ ಬಾವಲಿಗಳು ಈ ರೋಗಾಣುವಿನ ಆಶ್ರಯ. ಆದುದರಿಂದ ಬಾವಲಿ ಕಚ್ಚಿ ಬೀಳಿಸಿದ ಹಣ್ಣನ್ನು ತಿನ್ನಬೇಡಿ, ಮರದಡಿಯಲ್ಲಿ ಹೆಕ್ಕಿದ ಮೇಲೆ ಸಾಬೂನು ಹಚ್ಚಿ ಕೈ ತೊಳೆಯಿರಿ.

ರೋಗಿಯ ಮನೆಯವರು ಏನು ಮಾಡಬೇಕು?

ನಮ್ಮ ಕಡೆಯ ಆಸ್ಪತ್ರೆಗಳಲ್ಲಿ ರೋಗಿಯ ಜೊತೆ ನಿಲ್ಲುವವರು ಮನೆಯವರೇ. ಗಂಜಿ ಕುಡಿಸುವುದು, ಮೈ ಒರೆಸುವುದು, ಮೂತ್ರದ ಪಾತ್ರೆ ಇಡುವುದು ಹೆಚ್ಚಾಗಿ ನಮ್ಮ ಕೈಗಳೇ. ಆದುದರಿಂದ ದಾದಿಯರ ನಿಯಮ ನಮಗೂ ನಿಯಮ.

ಒಳಗೆ ಹೋಗುವಾಗಲೂ ಹೊರಗೆ ಬರುವಾಗಲೂ ಕೈ ಶುದ್ಧಮಾಡಿ. ರೋಗಿಯ ಹಾಸಿಗೆಯ ಮೇಲೆ ಕೂರಬೇಡಿ. ಪಕ್ಕದ ಕೋಣೆಯ ರೋಗಿಗೆ ಸಹಾಯಮಾಡುವ ಮನಸ್ಸಾದರೆ ಮೊದಲು ಕೈ ತೊಳೆಯಿರಿ, ಇಲ್ಲವೇ ದಾದಿಯನ್ನು ಕರೆಯಿರಿ. ಫ್ಲಾಸ್ಕು, ಮೊಬೈಲು, ಚೀಲಗಳನ್ನು ರೋಗಿಯ ಮಂಚದ ಮೇಲಿಟ್ಟು ಮತ್ತೆ ಊಟದ ಮೇಜಿಗೆ ಒಯ್ಯಬೇಡಿ. ಹತ್ತು ಮಂದಿ ಗುಂಪಾಗಿ ರೋಗಿಯನ್ನು ನೋಡಲು ಹೋಗುವ ಪದ್ಧತಿಯನ್ನು ಬಿಡೋಣ. ನೆಗಡಿ ಜ್ವರ ಇದ್ದವರೂ ಸಣ್ಣ ಮಕ್ಕಳೂ ಹೋಗುವುದು ಬೇಡ.

ಸಿಬ್ಬಂದಿ ಮರೆತರೆ? ಹೇಳಬೇಕು. ಜಗಳದ ಸ್ವರದಲ್ಲಿ ಅಲ್ಲ. "ಸಿಸ್ಟರ್, ಕೈಗೆ ಹಾಕುವ ಮದ್ದು ಇಲ್ಲಿಯೇ ಇದೆ" ಎಂದು ಬಾಟಲಿಯನ್ನು ಮುಂದಿಟ್ಟರೆ ಸಾಕು, ಹೆಚ್ಚಿನವರಿಗೆ ಅರ್ಥವಾಗುತ್ತದೆ. ಡಾಕ್ಟರರಿಗೂ ಹೀಗೆಯೇ ಹೇಳಬಹುದು. ಅವರ ಕೈಯೂ ಕೈಯೇ. ಬಾಟಲಿ ಬರಿದಾಗಿದ್ದರೆ ಕಚೇರಿಗೆ ಹೋಗಿ ತಿಳಿಸಿ. ಕೈ ತೊಳೆದು ಬಂದವರಿಗೆ ಒಂದು ಒಳ್ಳೆಯ ಮಾತು ಹೇಳಲೂ ಮರೆಯಬೇಡಿ.

ನಮ್ಮ ಆ ಹಿರಿಯರು ಕೆಲವು ವಾರಗಳ ಬಳಿಕ ಮನೆಗೆ ಬಂದರು. ಈಗ ಕೋಲು ಹಿಡಿದು ಹಟ್ಟಿಯವರೆಗೆ ನಡೆಯುತ್ತಾರೆ. ಕಳೆದ ತಿಂಗಳು ನಾವು ಹೋದಾಗ ಜಗಲಿಯ ಮೆಟ್ಟಿಲಿನ ಬಳಿ ಬಾಲ್ದಿ ನೀರು, ಸಾಬೂನು ಇಟ್ಟಿದ್ದರು. "ತೊಳೆದು ಬನ್ನಿ, ಆಮೇಲೆ ಕೈ ಕೊಡುತ್ತೇನೆ" ಎಂದು ನಕ್ಕರು. ನಮಗೆ ಬೇಸರವಾಗಲಿಲ್ಲ.

ಮನೆಯಲ್ಲಿ ಕೂತು ಮಾತಾಡಲು

1. ನಾವು ಕೊನೆಯ ಸಲ ಆಸ್ಪತ್ರೆಗೆ ರೋಗಿಯನ್ನು ನೋಡಲು ಹೋದಾಗ ಒಳಗೆ ಹೋಗುವ ಮೊದಲು ಕೈ ತೊಳೆದಿದ್ದೆವೇ?

2. ದಾದಿ ಕೈ ತೊಳೆಯುವುದನ್ನು ಕಂಡು ರೋಗಿ ನೊಂದುಕೊಂಡರೆ ಅವರಿಗೆ ಹೇಗೆ ತಿಳಿಹೇಳುವಿರಿ?

3. ನಿಮ್ಮ ಹಟ್ಟಿಯಲ್ಲಿ ಒಂದು ದನದಿಂದ ಇನ್ನೊಂದಕ್ಕೆ ಹೋಗುವಾಗ ಕೈ ತೊಳೆಯುವ ಅನುಕೂಲವಿದೆಯೇ? ಇಲ್ಲದಿದ್ದರೆ ಈ ವಾರ ಏನು ಮಾಡಬಹುದು?